ಆಟದ ಗುರು ನ್ಯಾಟ್ ಹೋಲ್ಮನ್

ಶತಮಾನೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನಚಿತ್ರ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾಡಿನ ಕವಿಗಳನ್ನೋ ರಾಷ್ಟ್ರನಾಯಕರನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಅಂತಹ ಲೇಖನಗಳನ್ನು ನನಗಿಂತ ಬಲ್ಲವರು ಈ ಸಂಚಿಕೆಗೆ ಬರೆದಿದ್ದಾರೆ. ನಾನು ಆರಿಸಿಕೊಂಡದ್ದು ಒಬ್ಬ ಆಟದ ಮೇಷ್ಟರನ್ನು. ಅವರು ನಮ್ಮ ನಾಡಿನವರಲ್ಲ, ನಮ್ಮ ಭಾಷೆಯವರಲ್ಲ. ಆದರೂ ಅವರ ಬದುಕಿನ ಒಂದು ವರ್ಷವನ್ನು, ಅಂದರೆ 1950ರ ಮಾರ್ಚಿನಿಂದ 1951ರ ಮಾರ್ಚಿನವರೆಗಿನ ಹನ್ನೆರಡು ತಿಂಗಳನ್ನು, ಮಕ್ಕಳಿಗೆ ಪಾಠ ಹೇಳುವ ಪ್ರತಿಯೊಬ್ಬರೂ ಮಕ್ಕಳನ್ನು ಶಾಲೆಗೆ ಕಳುಹಿಸುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನನಗೆ ಬಹುಕಾಲದಿಂದ ಅನ್ನಿಸಿದೆ.

ಬ್ಯಾಸ್ಕೆಟ್‌ಬಾಲ್ ಗೂಡಲೂರಿನವರಿಗೆ ಅಷ್ಟು ಪರಿಚಿತವಾದ ಆಟವಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡದ ಈ ಊರಿನಲ್ಲಿ, ಇಳಿಜಾರಿನ ಮೈದಾನದಿಂದ ಜಾರಿದ ಚೆಂಡನ್ನು ಚಹಾ ಗಿಡಗಳ ಸಾಲಿನಲ್ಲಿ ಹುಡುಕುವುದೇ ನಮ್ಮ ಕಾಲದ ಮುಖ್ಯ ಆಟವಾಗಿತ್ತು. ಆದರೆ ಈ ಆಟ ನಮ್ಮ ಸೀಮೆಗೆ ಬಂದದ್ದು ತೀರ ಇತ್ತೀಚೆಗೇನೂ ಅಲ್ಲ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಒಂದು ಆಟ ಬೇಕೆಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಗೋಡೆಗೆ ಬಿಗಿದು ಇದನ್ನು ಆರಂಭಿಸಿದರು. ಅದೇ ವಿದ್ಯಾಸಂಸ್ಥೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿಗೆ ಬಂದು 1920ರಲ್ಲಿ ದೈಹಿಕ ಶಿಕ್ಷಣದ ಶಾಲೆಯೊಂದನ್ನು ತೆರೆದರು. ನೀಲಗಿರಿಯೂ ಒಳಗೊಂಡಂತೆ ಅಂದಿನ ಮದರಾಸು ಪ್ರಾಂತದಲ್ಲಿ ಡ್ರಿಲ್ ಮಾಸ್ತರು ಎಂಬ ಹುದ್ದೆಗೆ ಒಂದು ಘನತೆ ಬಂದದ್ದರಲ್ಲಿ ಆ ಶಾಲೆಯ ಪಾಲು ದೊಡ್ಡದು.

ನ್ಯಾಟ್ ಹೋಲ್ಮನ್ ಹುಟ್ಟಿದ್ದು 1896ರ ಅಕ್ಟೋಬರ್ 19ರಂದು, ನ್ಯೂಯಾರ್ಕ್ ನಗರದ ಲೋಯರ್ ಈಸ್ಟ್ ಸೈಡ್ ಎಂಬ ಭಾಗದಲ್ಲಿ. ತಂದೆತಾಯಿಗಳು ರಷ್ಯಾದಿಂದ ವಲಸೆ ಬಂದ ಯಹೂದಿಗಳು. ದೊಡ್ಡ ಸಂಸಾರ, ಸಣ್ಣ ಮನೆ. ಒಂದೊಂದು ಕಟ್ಟಡದಲ್ಲಿ ಹತ್ತಾರು ಕುಟುಂಬಗಳು ಇಕ್ಕಟ್ಟಾಗಿ ಬದುಕುತ್ತಿದ್ದ ಆ ಬೀದಿಗಳಲ್ಲಿ ಫುಟ್‌ಬಾಲ್ ಆಡಲು ಜಾಗವಿರಲಿಲ್ಲ. ಬ್ಯಾಸ್ಕೆಟ್‌ಬಾಲಿಗೆ ಬೇಕಾದದ್ದು ಒಂದು ಕೋಣೆಯಷ್ಟು ಸ್ಥಳ, ಒಂದು ಚೆಂಡು, ಒಂದು ಕಬ್ಬಿಣದ ಬಳೆ. ವಲಸಿಗರ ಮಕ್ಕಳಿಗಾಗಿ ದಾನಿಗಳು ನಡೆಸುತ್ತಿದ್ದ ಸೇವಾಮಂದಿರಗಳ ವ್ಯಾಯಾಮಶಾಲೆಗಳಲ್ಲಿ ಬಡವರ ಮಕ್ಕಳು ಇದನ್ನು ತಮ್ಮದನ್ನಾಗಿ ಮಾಡಿಕೊಂಡರು. ಬಾಲಕ ಹೋಲ್ಮನ್ ಅವರಲ್ಲಿ ಒಬ್ಬ. ಎತ್ತರ ಅಷ್ಟೇನೂ ಇಲ್ಲ, ಆದರೆ ಕಣ್ಣು ಬಹಳ ಚುರುಕು. ತಾನು ಎಲ್ಲಿದ್ದೇನೆ ಎಂಬುದಕ್ಕಿಂತ ಉಳಿದ ಒಂಬತ್ತು ಮಂದಿ ಮುಂದಿನ ಕ್ಷಣ ಎಲ್ಲಿರುತ್ತಾರೆ ಎಂಬುದನ್ನು ಲೆಕ್ಕಹಾಕುವ ಬುದ್ಧಿ.

ದೈಹಿಕ ಶಿಕ್ಷಣದ ಶಾಲೆಯೊಂದರಲ್ಲಿ ಓದು ಮುಗಿಸಿ, ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, 1919ರಲ್ಲಿ ಅವರು ನ್ಯೂಯಾರ್ಕಿನ ಸಿಟಿ ಕಾಲೇಜಿಗೆ ತರಬೇತುದಾರರಾಗಿ ಸೇರಿದರು. ಆಗ ಅವರ ವಯಸ್ಸು ಇಪ್ಪತ್ತಮೂರು. ಮುಂದಿನ ನಾಲ್ಕು ದಶಕಗಳ ಕಾಲ ಆ ಕಾಲೇಜಿನ ಹೆಸರೂ ಇವರ ಹೆಸರೂ ಒಟ್ಟಿಗೇ ಕೇಳಿಬಂದವು.

ಈ ಸಿಟಿ ಕಾಲೇಜಿನ ಬಗೆಗೆ ಎರಡು ಮಾತು ಹೇಳಲೇಬೇಕು. ಅದಿಲ್ಲದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. 1847ರಲ್ಲಿ ಬಡವರ ಮಕ್ಕಳಿಗಾಗಿಯೇ ಸ್ಥಾಪನೆಯಾದ ಈ ಕಾಲೇಜಿನಲ್ಲಿ 1976ರವರೆಗೂ ಬೋಧನಾ ಶುಲ್ಕವೆಂಬುದಿರಲಿಲ್ಲ. ಶಾಲೆಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಪ್ರವೇಶ. ಅಪ್ಪನ ಕುಲ, ಧರ್ಮ, ಸಂಬಳ ಯಾವುದನ್ನೂ ಯಾರೂ ಕೇಳುತ್ತಿರಲಿಲ್ಲ. ಬೇರೆ ದೊಡ್ಡ ವಿಶ್ವವಿದ್ಯಾಲಯಗಳು ಯಹೂದಿಗಳಿಗೆ ಇಂತಿಷ್ಟೇ ಸ್ಥಾನವೆಂದು ಮಿತಿ ಹಾಕುತ್ತಿದ್ದ ಕಾಲದಲ್ಲಿ, ದರ್ಜಿಗಳ, ಕಟುಕರ, ಬಣ್ಣ ಬಳಿಯುವವರ ಮಕ್ಕಳು ಈ ಬೆಟ್ಟದ ಮೇಲಿನ ಕಾಲೇಜಿಗೆ ಬಂದು ವೈದ್ಯರಾದರು, ವಿಜ್ಞಾನಿಗಳಾದರು, ನ್ಯಾಯವಾದಿಗಳಾದರು. ಕನ್ನಡ, ತಮಿಳು, ಮಲಯಾಳ, ಬಡಗ ಭಾಷೆಗಳನ್ನು ಮನೆಯಲ್ಲಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದನ್ನೂ, ತೋಟದಲ್ಲಿ ಎಲೆ ಕೊಯ್ಯುವ ತಾಯಿಯ ಮಗ ಬ್ಯಾಂಕಿನ ಅಧಿಕಾರಿಯಾಗುವುದನ್ನೂ ಕಂಡ ನಮ್ಮೂರಿನವರಿಗೆ ಅಂತಹ ವಿದ್ಯಾಲಯದ ಬೆಲೆ ಏನೆಂದು ವಿವರಿಸಬೇಕಿಲ್ಲ.

ಹೋಲ್ಮನ್ ಬರಿಯ ಬೋಧಕರಾಗಿರಲಿಲ್ಲ. ಆ ಕಾಲದಲ್ಲಿ ಕಾಲೇಜಿನ ಕೆಲಸದ ಜೊತೆಗೇ ವೃತ್ತಿಪರ ತಂಡದಲ್ಲಿ ಆಡುವುದಕ್ಕೆ ಅಡ್ಡಿಯಿರಲಿಲ್ಲ. ಒರಿಜಿನಲ್ ಸೆಲ್ಟಿಕ್ಸ್ ಎಂಬ ತಂಡವನ್ನು ಸೇರಿ ಊರೂರು ತಿರುಗಿ ಆಡಿದರು. ಆ ತಂಡ ಎಷ್ಟು ಬಲಿಷ್ಠವಾಗಿತ್ತೆಂದರೆ, ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಎರಡು ವರ್ಷ ಸತತವಾಗಿ ಗೆದ್ದ ಮೇಲೆ, ಬೇರೆ ತಂಡಗಳಿಗೆ ಪಂದ್ಯದಲ್ಲಿ ಸ್ವಾರಸ್ಯವೇ ಉಳಿಯಲಿಲ್ಲವೆಂದು 1928ರಲ್ಲಿ ತಂಡವನ್ನೇ ಒಡೆದು ಆಟಗಾರರನ್ನು ಹಂಚಿಬಿಟ್ಟರು. ಹೀಗೆ ರಾತ್ರಿ ತಾವು ಆಡಿದ್ದನ್ನು ಹಗಲು ಶಿಷ್ಯರಿಗೆ ಕಲಿಸುವ ಸುಯೋಗ ಅವರದಾಗಿತ್ತು. 1922ರಲ್ಲಿಯೇ ಈ ಆಟದ ಶಾಸ್ತ್ರವನ್ನು ಕುರಿತು ಪುಸ್ತಕ ಬರೆದರು; ಮುಂದೆ ಇನ್ನೂ ಕೆಲವನ್ನು ಬರೆದರು. ಅವರು ಕಲಿಸಿದ ಪದ್ಧತಿಯ ಸಾರವನ್ನು ಹೀಗೆ ಹೇಳಬಹುದು: ಚೆಂಡು ಯಾರ ಕೈಯಲ್ಲೂ ನಿಲ್ಲಬಾರದು, ಚೆಂಡು ಕೊಟ್ಟವನು ನಿಂತಲ್ಲಿಯೇ ನಿಲ್ಲಬಾರದು, ಐವರೂ ಒಂದೇ ದಾರದಲ್ಲಿ ಕಟ್ಟಿದಂತೆ ಸರಿಯುತ್ತಿರಬೇಕು. ಎತ್ತರದ ಆಟಗಾರರನ್ನು ಹೊರಗಿನಿಂದ ಕೊಂಡುತರಲಾಗದ ಬಡ ಕಾಲೇಜಿಗೆ ಅದು ಹೇಳಿಮಾಡಿಸಿದ ವಿದ್ಯೆ.

ವ್ಯಕ್ತಿಯಾಗಿ ಅವರು ಹೇಗಿದ್ದರು? ಸದಾ ಮಡಿಕೆ ಕೆಡದ ಉಡುಪು, ತಿದ್ದಿ ತೀಡಿದ ಮಾತು, ನೆಟ್ಟನೆಯ ನಿಲುವು. ಹುಟ್ಟಿದ ಬೀದಿಯ ಗುರುತು ನಾಲಗೆಯ ಮೇಲೆ ಉಳಿಯದಂತೆ ಶ್ರಮಪಟ್ಟವರು. ಶಿಷ್ಯರಿಗೆ ಅವರ ಮೇಲಿದ್ದದ್ದು ಭಕ್ತಿ, ಸಲಿಗೆಯಲ್ಲ. ಅಭ್ಯಾಸದ ಹೊತ್ತಿನಲ್ಲಿ ಹುಡುಗರ ಹೆಸರುಗಳನ್ನು ಅದಲುಬದಲು ಮಾಡಿ ಕರೆಯುತ್ತಿದ್ದರೆಂದು ಹಲವರು ನೆನೆದಿದ್ದಾರೆ. ಹೊಸ ಹುಡುಗರನ್ನು ಹುಡುಕಿ ತರುವುದು, ಅವರ ಮನೆಯ ಕಷ್ಟಸುಖ ಕೇಳುವುದು, ತರಗತಿಯಲ್ಲಿ ಹಿಂದುಳಿದವರನ್ನು ಎಚ್ಚರಿಸುವುದು, ಇವೆಲ್ಲ ಸಹಾಯಕ ತರಬೇತುದಾರ ಬಾಬಿ ಸ್ಯಾಂಡ್ ಅವರ ಪಾಲಿನ ಕೆಲಸವಾಗಿತ್ತು. ಅಂಕಣದ ಗೆರೆಯೊಳಗೆ ಶಿಷ್ಯನ ಹೆಜ್ಜೆ ಅರ್ಧ ಅಡಿ ತಪ್ಪಿದರೂ ಹೋಲ್ಮನ್ ಅವರ ಕಣ್ಣಿಗೆ ಬೀಳುತ್ತಿತ್ತು. ಗೆರೆಯ ಹೊರಗೆ ಅವನು ಎಲ್ಲಿಗೆ ಹೋಗುತ್ತಾನೆ, ಯಾರೊಡನೆ ಕೂರುತ್ತಾನೆ ಎಂಬುದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇದನ್ನು ದೋಷವೆಂದು ಹೇಳುವ ಮುನ್ನ ನಾವು ಶಿಕ್ಷಕರು ಸ್ವಲ್ಪ ತಡೆಯಬೇಕು. ನಮ್ಮಲ್ಲಿ ಎಷ್ಟು ಮಂದಿ ಹಾಜರಿ ಪುಸ್ತಕದ ಆಚೆಗೆ ಮಕ್ಕಳನ್ನು ಬಲ್ಲೆವು?

ಎರಡನೆಯ ಮಹಾಯುದ್ಧ ಮುಗಿಯಿತು. ಸೈನ್ಯದಿಂದ ಮರಳಿದ ತರುಣರಿಂದ ಅಮೆರಿಕದ ಕಾಲೇಜುಗಳು ತುಂಬಿಹೋದವು. ಜನರ ಕೈಯಲ್ಲಿ ಹಣವಿತ್ತು, ಮನರಂಜನೆಯ ಹಸಿವಿತ್ತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಭಾರಿ ಒಳಾಂಗಣ ಕ್ರೀಡಾಂಗಣದಲ್ಲಿ 1934ರಿಂದಲೂ ಒಂದೇ ರಾತ್ರಿ ಎರಡೆರಡು ಕಾಲೇಜು ಪಂದ್ಯಗಳನ್ನು ನಡೆಸುವ ಪದ್ಧತಿ ಬೆಳೆದಿತ್ತು. ಹದಿನೆಂಟು ಸಾವಿರ ಜನ ಟಿಕೆಟು ಕೊಂಡು ಬರುತ್ತಿದ್ದರು. ಆಟಗಾರರು ಮಾತ್ರ ಇನ್ನೂ ವಿದ್ಯಾರ್ಥಿಗಳೇ. ಸಿಟಿ ಕಾಲೇಜಿನಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೂ ಇರಲಿಲ್ಲ.

1949ರ ಚಳಿಗಾಲದಲ್ಲಿ ಹೋಲ್ಮನ್ ಅವರ ಕೈಗೆ ಒಂದು ಅಪರೂಪದ ತಂಡ ಬಂತು. ಮೊದಲ ಐವರಲ್ಲಿ ನಾಲ್ವರು ಕಾಲೇಜಿನ ಎರಡನೆಯ ವರ್ಷದ ಹುಡುಗರು: ಎಡ್ ರೋಮನ್, ಎಡ್ ವಾರ್ನರ್, ಫ್ಲಾಯ್ಡ್ ಲೇನ್, ಆಲ್ ರಾತ್. ಐದನೆಯವನು ಹಿರಿಯ ವಿದ್ಯಾರ್ಥಿ ಇರ್ವಿನ್ ಡ್ಯಾಂಬ್ರಾಟ್. ಇವರಲ್ಲಿ ವಾರ್ನರ್ ಮತ್ತು ಲೇನ್ ಕಪ್ಪು ಜನಾಂಗದವರು, ಉಳಿದ ಮೂವರು ಯಹೂದಿಗಳು. ವಾರ್ನರ್ ಹಾರ್ಲೆಮಿನ ಹುಡುಗ; ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡವನು. ಎಲ್ಲರೂ ನ್ಯೂಯಾರ್ಕಿನ ಸರಕಾರಿ ಶಾಲೆಗಳಲ್ಲಿ ಓದಿದವರು, ನೆಲದಡಿಯ ರೈಲಿನಲ್ಲಿ ಕಾಲೇಜಿಗೆ ಬಂದುಹೋಗುತ್ತಿದ್ದವರು. ಕಪ್ಪು ವಿದ್ಯಾರ್ಥಿಗಳನ್ನು ತಂಡದ ಹತ್ತಿರಕ್ಕೂ ಬಿಟ್ಟುಕೊಳ್ಳದ ಕಾಲೇಜುಗಳು ದೇಶದ ದಕ್ಷಿಣ ಭಾಗದಲ್ಲಿ ತುಂಬಿದ್ದ ಕಾಲ ಅದೆಂಬುದನ್ನು ನೆನಪಿಡಬೇಕು.

ಋತುವಿನ ಆರಂಭ ಚೆನ್ನಾಗಿತ್ತು. ಕೊನೆಕೊನೆಗೆ ತಂಡ ಎಡವಿತು. ತನಗಿಂತ ಕಡಿಮೆಯೆಂದು ಎಣಿಸಿದ್ದ ತಂಡಗಳಿಗೂ ಸೋತಿತು. ಆಗ ಅಲ್ಲಿ ಎರಡು ದೊಡ್ಡ ಪಂದ್ಯಾವಳಿಗಳು ನಡೆಯುತ್ತಿದ್ದವು: ಹನ್ನೆರಡು ತಂಡಗಳ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿ, ಎಂಟು ತಂಡಗಳ ರಾಷ್ಟ್ರೀಯ ಕಾಲೇಜು ಪಂದ್ಯಾವಳಿ. ಮೊದಲನೆಯದಕ್ಕೆ ಸಿಟಿ ಕಾಲೇಜಿಗೆ ಆಹ್ವಾನ ಬಂದದ್ದು ಕಟ್ಟಕಡೆಯದಾಗಿ. ಅವರು ಗೆಲ್ಲುವರೆಂದು ಯಾರೂ ನಂಬಿರಲಿಲ್ಲ.

ಹಿಂದಿನ ವರ್ಷ ಇದೇ ಪಂದ್ಯಾವಳಿಯಲ್ಲಿ ಗೆದ್ದಿದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು 65–46ರಿಂದ ಸೋಲಿಸಿದಾಗ ಜನ ಹುಬ್ಬೇರಿಸಿದರು. ಮುಂದಿನದು ಕೆಂಟಕಿ. 1948 ಮತ್ತು 1949ರಲ್ಲಿ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯನ್ನು ಗೆದ್ದ ತಂಡ, ಅದರ ತರಬೇತುದಾರ ಅಡಾಲ್ಫ್ ರಪ್ ದೇಶದಲ್ಲೇ ಹೆಸರಾದವರು, ಆಟಗಾರರೆಲ್ಲ ಬಿಳಿಯರು. ಪಂದ್ಯಕ್ಕೆ ಮುನ್ನ ಕೈಕುಲುಕಲು ಸಿಟಿ ಕಾಲೇಜಿನ ಹುಡುಗರು ಮುಂದೆ ಬಂದಾಗ, ಕಪ್ಪು ಆಟಗಾರರು ನೀಡಿದ ಕೈಯನ್ನು ಎದುರಾಳಿಗಳಲ್ಲಿ ಕೆಲವರು ಮುಟ್ಟದೆ ಮುಖ ತಿರುಗಿಸಿದರೆಂದು ಅಂದು ಅಲ್ಲಿದ್ದವರು ಹೇಳಿದ್ದಾರೆ. ಮುಟ್ಟದೆ ಉಳಿದ ಕೈಗೆ ಏನನ್ನಿಸುತ್ತದೆ ಎಂಬುದು ನಮ್ಮ ದೇಶದವರಿಗೆ ಹೊಸದಲ್ಲ. ಉತ್ತರ ಅಂಕಣದಲ್ಲಿ ಬಂತು. ಸಿಟಿ ಕಾಲೇಜು 89, ಕೆಂಟಕಿ 50. ರಪ್ ಅವರ ಇಡೀ ವೃತ್ತಿಜೀವನದಲ್ಲಿ ಅಷ್ಟು ದೊಡ್ಡ ಸೋಲು ಬೇರೊಂದಿಲ್ಲ. ಚೆಂಡು ನಿಲ್ಲಬಾರದೆಂಬ ಮೂವತ್ತು ವರ್ಷಗಳ ಪಾಠ ಆ ರಾತ್ರಿ ಪೂರ್ಣವಾಗಿ ಫಲಿಸಿತ್ತು.

ಅನಂತರ ಡುಕೇನ್, ಅಂತಿಮ ಪಂದ್ಯದಲ್ಲಿ ದೇಶದ ಮೊದಲ ಶ್ರೇಯಾಂಕದ ಬ್ರಾಡ್ಲಿ ತಂಡ. ಮಾರ್ಚ್ 18ರಂದು 69–61ರಿಂದ ಗೆಲುವು. ವಾರ್ನರ್ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆನಿಸಿದ. ಆ ಗೌರವ ಕಪ್ಪು ಜನಾಂಗದವನೊಬ್ಬನಿಗೆ ಸಂದದ್ದು ಅದೇ ಮೊದಲು. ಉಸಿರಾಡಲು ಬಿಡುವಿಲ್ಲದಂತೆ ಎರಡನೆಯ ಪಂದ್ಯಾವಳಿ ಬಂತು. ಓಹಿಯೊ ಸ್ಟೇಟ್ ಮೇಲೆ ಒಂದೇ ಅಂಕದ ಜಯ, 56–55. ನಾರ್ತ್ ಕ್ಯಾರೊಲೈನ ಸ್ಟೇಟ್ ಮೇಲೆ 78–73. ಅಂತಿಮ ಪಂದ್ಯದಲ್ಲಿ ಮತ್ತೆ ಅದೇ ಬ್ರಾಡ್ಲಿ, ಮತ್ತೆ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, 1950ರ ಮಾರ್ಚ್ 28. ಕೊನೆಯ ನಿಮಿಷದಲ್ಲಿ ಸಿಟಿ ಕಾಲೇಜಿನ ಮುನ್ನಡೆ ಒಂದೇ ಅಂಕಕ್ಕೆ ಇಳಿದಿತ್ತು. ಬ್ರಾಡ್ಲಿಯ ಪುಟ್ಟ ಆಟಗಾರ ಜೀನ್ ಮೆಲ್ಕಿಯೋರ್ ಚೆಂಡನ್ನು ಕಸಿದುಕೊಂಡು ಬುಟ್ಟಿಯತ್ತ ನುಗ್ಗಿದ. ಡ್ಯಾಂಬ್ರಾಟ್ ಅಡ್ಡಬಂದು ಅದನ್ನು ತಡೆದು, ಮುಂದೆ ಓಡುತ್ತಿದ್ದ ನಾರ್ಮನ್ ಮೇಗರ್‌ಗೆ ಎಸೆದ. ಮೇಗರ್ ಬುಟ್ಟಿಗೆ ಹಾಕಿದ. 71–68.

ಒಂದೇ ವರ್ಷದಲ್ಲಿ ಎರಡೂ ಪಂದ್ಯಾವಳಿಗಳನ್ನು ಗೆದ್ದ ತಂಡ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಬರಲಿಲ್ಲ. ನಿಯಮಗಳು ಬದಲಾದುದರಿಂದ ಇನ್ನು ಬರುವುದೂ ಇಲ್ಲ. ಮರುದಿನ ಕಾಲೇಜಿನಲ್ಲಿ ಪಾಠಗಳು ನಿಂತವು. ವಿದ್ಯಾರ್ಥಿಗಳು ಅಂಗಳದಲ್ಲಿ ನೆರೆದು, ಅರ್ಥವೇನೆಂದು ಇಂದಿಗೂ ಯಾರೂ ಖಚಿತವಾಗಿ ಹೇಳಲಾಗದ ಅಲ್ಲಗರೂ ಎಂಬ ತಮ್ಮ ಜಯಘೋಷವನ್ನು ಕೂಗಿದರು. ಐವತ್ತಮೂರು ವರ್ಷದ ಹೋಲ್ಮನ್ ಕೀರ್ತಿಯ ಶಿಖರದಲ್ಲಿದ್ದರು. ಅರ್ಧ ಶತಮಾನದ ಶ್ರೇಷ್ಠ ಆಟಗಾರರನ್ನು ಆರಿಸಲು ಅದೇ ವರ್ಷ ಪತ್ರಕರ್ತರು ಮತ ಹಾಕಿದಾಗ ಅವರಿಗೆ ಮೂರನೆಯ ಸ್ಥಾನ ಬಂತು.

ಆ ಮಾರ್ಚಿನಲ್ಲಿ ಯಾರಿಗೂ ಕಾಣದೆ ಇನ್ನೊಂದು ಆಟವೂ ನಡೆದಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಬಾಜಿ ಕಟ್ಟುವುದು ಹಳೆಯ ಪದ್ಧತಿ. ಒಂದು ತಂಡ ತೀರ ಬಲಿಷ್ಠವಾದರೆ ಅದರ ವಿರುದ್ಧ ಯಾರೂ ಹಣ ಹೂಡುವುದಿಲ್ಲ. ಆದ್ದರಿಂದ ಜೂಜಿನವರು ಅಂತರದ ಮೇಲೆ ಬಾಜಿ ಕಟ್ಟುವುದನ್ನು ತಂದರು. ಸಿಟಿ ಕಾಲೇಜು ಹತ್ತು ಅಂಕಗಳಿಂದ ಗೆಲ್ಲುವುದೆಂದು ಅವರು ನಿಗದಿಪಡಿಸಿದರೆನ್ನಿ. ಆ ತಂಡದ ಮೇಲೆ ಹಣ ಹೂಡಿದವನಿಗೆ ಲಾಭವಾಗಬೇಕಾದರೆ ಅಂತರ ಹತ್ತನ್ನು ಮೀರಬೇಕು. ಎಂಟು ಅಂಕಗಳಿಂದ ಗೆದ್ದರೆ ತಂಡಕ್ಕೆ ಜಯ, ಹೂಡಿದವನಿಗೆ ನಷ್ಟ. ಎಲ್ಲ ಅಪಾಯವೂ ಇಲ್ಲಿಯೇ ಅಡಗಿತ್ತು. ಪಂದ್ಯವನ್ನು ಸೋಲು ಎಂದರೆ ಯಾವ ಹುಡುಗನೂ ಸಿಟ್ಟಾದಾನು. ಸೋಲಬೇಡ, ಗೆಲ್ಲು, ಆದರೆ ಸ್ವಲ್ಪ ಕಡಿಮೆ ಅಂತರದಿಂದ ಗೆಲ್ಲು ಎಂದರೆ? ಕಾಲೇಜಿಗೆ ಮೋಸವಿಲ್ಲ, ಗೆಳೆಯರಿಗೆ ಮೋಸವಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಕೈಗೆ ಬರುವುದು ಸಾವಿರ ಡಾಲರು. ಅದು ಆ ಹುಡುಗರ ಮನೆಗಳಲ್ಲಿ ಹಲವು ತಿಂಗಳ ಸಂಪಾದನೆ.

ಬೇಸಗೆಯ ರಜೆಯಲ್ಲಿ ಈ ಹುಡುಗರು ನ್ಯೂಯಾರ್ಕಿನ ಉತ್ತರದ ಕ್ಯಾಟ್‌ಸ್ಕಿಲ್ ಗಿರಿಧಾಮದ ಹೋಟೆಲುಗಳಲ್ಲಿ ಮಾಣಿಗಳಾಗಿ ದುಡಿಯುತ್ತಿದ್ದರು. ಸಂಜೆ ಅತಿಥಿಗಳ ಮನರಂಜನೆಗೆ ಹೋಟೆಲು ಹೋಟೆಲುಗಳ ನಡುವೆ ಪಂದ್ಯ ನಡೆಯುತ್ತಿತ್ತು. ಒಟ್ಟು ಎಷ್ಟು ಅಂಕಗಳಾಗುವವೆಂದು ಅತಿಥಿಗಳು ಬಾಜಿ ಕಟ್ಟುತ್ತಿದ್ದರು. ಜೂಜುಕೋರರಿಗೂ ಹುಡುಗರಿಗೂ ಗುರುತು ಬೆಳೆದದ್ದು ಅಲ್ಲಿ. ಸಾಲ್ವತೋರೆ ಸೊಲಾಜೊ ಎಂಬ ಒಡವೆ ವ್ಯಾಪಾರಿ ಹಣ ಹೂಡಿದ. ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದ ಆಟಗಾರ ಎಡ್ಡಿ ಗಾರ್ಡ್ ನಡುವಿನವನಾದ. ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 1945ರಲ್ಲಿಯೇ ಬ್ರೂಕ್ಲಿನ್ ಕಾಲೇಜಿನ ಐವರು ಆಟಗಾರರು ಲಂಚ ಪಡೆದದ್ದನ್ನು ಒಪ್ಪಿಕೊಂಡಿದ್ದರು. ಪತ್ರಿಕೆಗಳು ಪಂದ್ಯದ ಸುದ್ದಿಯ ಜೊತೆಗೆ ಬಾಜಿಯ ಅಂತರವನ್ನೂ ಅಚ್ಚುಹಾಕುತ್ತಿದ್ದವು. ಎಲ್ಲರೂ ಕಂಡರು, ಯಾರೂ ನೋಡಲಿಲ್ಲ.

ಗುಟ್ಟು ಒಡೆದದ್ದು ಒಬ್ಬ ಬಡ ಹುಡುಗನ ನೇರ ನಡೆಯಿಂದ. ಮ್ಯಾನ್‌ಹಟನ್ ಕಾಲೇಜಿನ ಜೂನಿಯಸ್ ಕೆಲಾಗ್ ವರ್ಜೀನಿಯ ಪ್ರಾಂತದಿಂದ ಬಂದ ಕಪ್ಪು ವಿದ್ಯಾರ್ಥಿ, ಹಿಂದೆ ಸೈನ್ಯದಲ್ಲಿದ್ದವನು. ಸಾವಿರ ಡಾಲರಿನ ಆಮಿಷ ಬಂದಾಗ ಅವನು ನೇರವಾಗಿ ತನ್ನ ತರಬೇತುದಾರರಿಗೆ ತಿಳಿಸಿದ. 1951ರ ಜನವರಿಯಲ್ಲಿ ಬಂಧನಗಳು ಆರಂಭವಾದವು. ಸರಕಾರಿ ಅಭಿಯೋಜಕ ಫ್ರಾಂಕ್ ಹೋಗನ್ ಎಳೆ ಹಿಡಿದು ಎಳೆಯುತ್ತ ಹೋದಂತೆ ಒಂದೊಂದೇ ಕಾಲೇಜಿನ ಹೆಸರು ಹೊರಬಂತು. ಒಂದು ಮಾತು ಸೇರಿಸುವೆ: ಈ ಕೆಲಾಗ್ ಮುಂದೆ 1954ರಲ್ಲಿ ಕಾರು ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡರು, ಅನಂತರ ಗಾಲಿಕುರ್ಚಿಯ ಬ್ಯಾಸ್ಕೆಟ್‌ಬಾಲ್ ತಂಡಗಳಿಗೆ ತರಬೇತಿ ಕೊಡುತ್ತ ಬಾಳಿದರು. ಈ ಇಡೀ ಕಥೆಯಲ್ಲಿ ಅವರ ಹೆಸರು ಎಲ್ಲರಿಗಿಂತ ಕಡಿಮೆ ನೆನಪಿನಲ್ಲಿ ಉಳಿದಿರುವುದು ನನಗೆ ಖೇದದ ಸಂಗತಿ.

ಫೆಬ್ರವರಿ 17ರ ರಾತ್ರಿ ಸಿಟಿ ಕಾಲೇಜು ತಂಡ ಫಿಲಡೆಲ್ಫಿಯಾದಲ್ಲಿ ಟೆಂಪಲ್ ತಂಡವನ್ನು 95–71ರಿಂದ ಸೋಲಿಸಿ ರೈಲಿನಲ್ಲಿ ಮರಳುತ್ತಿತ್ತು. ಪತ್ತೇದಾರರೊಬ್ಬರು ಹೋಲ್ಮನ್ ಅವರ ಬಳಿಗೆ ಬಂದು, ಅವರ ಹುಡುಗರಲ್ಲಿ ಕೆಲವರನ್ನು ವಿಚಾರಣೆಗೆ ಕರೆದೊಯ್ಯಬೇಕಾಗಿದೆ ಎಂದು ತಿಳಿಸಿದರು. ಹೋಲ್ಮನ್ ಹುಡುಗರಿಗೆ ಹೇಳಿದ್ದು ಇಷ್ಟೇ: ಮನಸ್ಸು ಶುದ್ಧವಾಗಿದ್ದರೆ ಅಂಜಬೇಕಿಲ್ಲ, ನಡೆದದ್ದನ್ನು ನಡೆದಂತೆ ಹೇಳಿಬಿಡಿ. ನ್ಯೂಯಾರ್ಕಿನ ಪೆನ್ ನಿಲ್ದಾಣದಲ್ಲಿ ರೋಮನ್, ವಾರ್ನರ್, ರಾತ್ ಮೂವರನ್ನೂ ಪೊಲೀಸರು ಕರೆದುಕೊಂಡು ಹೋದರು. ಬೆಳಗಾಗುವ ಹೊತ್ತಿಗೆ ಅವರು ತಪ್ಪು ಒಪ್ಪಿಕೊಂಡಿದ್ದರು.

ಉಳಿದವರ ಮೇಲೆ ವಿದ್ಯಾರ್ಥಿಗಳು ಇನ್ನೂ ಆಸೆಯಿಟ್ಟಿದ್ದರು. ಫ್ಲಾಯ್ಡ್ ಲೇನ್ ಅವರ ಪಾಲಿಗೆ ಕಳಂಕ ತಾಗದ ವೀರನಾಗಿದ್ದ. ಹತ್ತು ದಿನ ತುಂಬುವುದರೊಳಗೆ ಅವನನ್ನೂ ಕರೆದೊಯ್ದರು. ಮೂರು ಸಾವಿರ ಡಾಲರು ಪಡೆದಿದ್ದ ಅವನು, ಅದರಲ್ಲಿ 2,890 ಡಾಲರುಗಳನ್ನು ಮುಟ್ಟದೆ ತನ್ನ ಮಲಗುವ ಕೋಣೆಯ ಹೂಕುಂಡದ ಮಣ್ಣಿನಲ್ಲಿ ಹೂತಿಟ್ಟಿದ್ದ. ಈ ವಿವರವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಹಿಂಡುತ್ತದೆ. ಖರ್ಚು ಮಾಡಲು ಧೈರ್ಯವಿಲ್ಲ, ಹಿಂತಿರುಗಿಸಲು ದಾರಿಯಿಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ. ಆ ಹುಡುಗ ಪ್ರತಿದಿನ ಆ ಗಿಡಕ್ಕೆ ನೀರು ಹಾಕುತ್ತಿದ್ದನೇ?

ಮಾರ್ಚಿನಲ್ಲಿ ಡ್ಯಾಂಬ್ರಾಟ್, ಮೇಗರ್, ಹರ್ಬ್ ಕೋಹೆನ್ ಅವರ ಸರದಿ. ಹೀಗೆ ಒಂದು ಕಾಲೇಜಿನಿಂದ ಏಳು ಮಂದಿ. ಕಳಂಕ ಸಿಟಿ ಕಾಲೇಜಿನದು ಮಾತ್ರವಾಗಿರಲಿಲ್ಲ. ಏಳು ಕಾಲೇಜುಗಳ ಮೂವತ್ತೆರಡು ಆಟಗಾರರು, ಎಂಬತ್ತಾರು ಪಂದ್ಯಗಳು ಎಂದು ಲೆಕ್ಕ ಹೊರಬಿತ್ತು. ಬ್ರಾಡ್ಲಿಯ ಮೆಲ್ಕಿಯೋರ್ ಅದರಲ್ಲಿದ್ದ. ಜೂಜುಕೋರರು ತಮ್ಮ ಹುಡುಗರ ಹತ್ತಿರವೂ ಸುಳಿಯಲಾರರೆಂದು ರಪ್ ಹೆಮ್ಮೆಪಟ್ಟಿದ್ದ ಕೆಂಟಕಿಯ ಆಟಗಾರರೂ ಇದ್ದರು. 1950ರ ಎರಡು ಪಂದ್ಯಾವಳಿಗಳ ಪಂದ್ಯಗಳಲ್ಲಿ ಸಿಟಿ ಕಾಲೇಜಿನವರು ಮೋಸ ಮಾಡಿದರೆಂಬ ಆರೋಪ ಮಾತ್ರ ಬರಲಿಲ್ಲ. ಮೋಸ ನಡೆದದ್ದು ಆ ಋತುವಿನ ಮತ್ತು ಮುಂದಿನ ಋತುವಿನ ಸಾಮಾನ್ಯ ಪಂದ್ಯಗಳಲ್ಲಿ. ಹಾಗಾದರೆ ಆ ಮಾರ್ಚಿನ ಗೆಲುವು ಶುದ್ಧವೇ? ಆಟವೇನೋ ಶುದ್ಧ. ಆದರೆ ಆಡಿದ ಕೈಗಳು ಮೊದಲೇ ಬೇರೊಂದು ಕೈಯಿಂದ ಹಣ ಪಡೆದಿದ್ದವು. ಇದಕ್ಕೆ ಹೌದು ಅಲ್ಲ ಎಂಬ ಉತ್ತರ ನನ್ನಲ್ಲಿಲ್ಲ.

ನವೆಂಬರಿನಲ್ಲಿ ನ್ಯಾಯಾಧೀಶ ಸಾಲ್ ಸ್ಟ್ರೈಟ್ ತೀರ್ಪು ನೀಡಿದರು. ಸೊಲಾಜೊಗೆ ಎಂಟರಿಂದ ಹದಿನಾರು ವರ್ಷಗಳ ಸೆರೆ. ಹುಡುಗರಲ್ಲಿ ಹೆಚ್ಚಿನವರ ಶಿಕ್ಷೆಯನ್ನು ಅಮಾನತಿನಲ್ಲಿ ಇಡಲಾಯಿತು. ಎಡ್ ವಾರ್ನರ್‌ಗೆ ಮಾತ್ರ ಆರು ತಿಂಗಳ ಸೆರೆವಾಸವಾಯಿತು. ತಂಡದಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಹುಡುಗ ಅವನೇ ಆಗಿದ್ದುದು ನನ್ನ ಗಮನಕ್ಕೆ ಬಾರದೆ ಹೋಗಿಲ್ಲ. ವೃತ್ತಿಪರ ಲೀಗಿನ ಬಾಗಿಲು ಎಲ್ಲರಿಗೂ ಜೀವಮಾನವಿಡೀ ಮುಚ್ಚಿತು. ತನಿಖೆಯಲ್ಲಿ ಇನ್ನೂ ಒಂದು ಸಂಗತಿ ಹೊರಬಂತು: ಕೆಲವು ಆಟಗಾರರಿಗೆ ಪ್ರವೇಶ ಸಿಗಲೆಂದು ಅವರ ಶಾಲಾ ಅಂಕಪಟ್ಟಿಗಳನ್ನು ತಿದ್ದಲಾಗಿತ್ತು. ಅಂಕವೊಂದೇ ಅರ್ಹತೆ ಎಂದು ನೂರು ವರ್ಷ ನಂಬಿಸಿಕೊಂಡು ಬಂದ ಕಾಲೇಜಿಗೆ ಲಂಚಕ್ಕಿಂತ ಇದೇ ಹೆಚ್ಚಿನ ಗಾಯವೆಂದು ನಾನು ಭಾವಿಸುತ್ತೇನೆ. ಹಣ ಪಡೆದವರು ಹುಡುಗರು. ಅಂಕಪಟ್ಟಿ ತಿದ್ದಿದವರು ದೊಡ್ಡವರು.

ಹೋಲ್ಮನ್ ಹಣ ಪಡೆದರೆಂದು ಯಾರೂ ಹೇಳಲಿಲ್ಲ. ಆದರೆ ತಂಡದ ಮುಖ್ಯಸ್ಥರಾಗಿ ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಬೇಕಿತ್ತು ಎಂಬ ಪ್ರಶ್ನೆ ಎದ್ದಿತು. 1952ರಲ್ಲಿ ನಗರದ ಉನ್ನತ ಶಿಕ್ಷಣ ಮಂಡಳಿ ಅವರನ್ನೂ ಸ್ಯಾಂಡ್ ಅವರನ್ನೂ ಕೆಲಸದಿಂದ ಅಮಾನತು ಮಾಡಿತು. ಮೂವತ್ತಮೂರು ವರ್ಷ ಒಂದೇ ವಿದ್ಯಾಲಯಕ್ಕೆ ದುಡಿದ ಶಿಕ್ಷಕರು ತಮ್ಮ ನಡತೆ ಶಿಕ್ಷಕನಿಗೆ ತಕ್ಕುದೇ ಎಂಬ ಬಗೆಗೆ ವಿಚಾರಣೆ ಎದುರಿಸಬೇಕಾಯಿತು. ತಾವು ಏನೂ ಅರಿಯೆವೆಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮೇಲ್ಮನವಿಯ ಮೇಲೆ 1954ರಲ್ಲಿ ರಾಜ್ಯದ ಶಿಕ್ಷಣ ಆಯುಕ್ತರು ಅವರನ್ನು ದೋಷಮುಕ್ತರೆಂದು ಸಾರಿ ಮರಳಿ ಕೆಲಸಕ್ಕೆ ಸೇರಿಸಿದರು. ನನ್ನ ಮಟ್ಟಿಗೆ ಅವರ ಮಾತನ್ನು ನಾನು ನಂಬುತ್ತೇನೆ. ಅವರಿಗೆ ತಿಳಿದಿರಲಿಲ್ಲ. ಆಟದಲ್ಲಿ ಒಂದು ಹೆಜ್ಜೆಯ ತಪ್ಪನ್ನು ಕಾಣಬಲ್ಲ ಕಣ್ಣಿಗೆ, ಬೇಕೆಂದೇ ಕೈಬಿಟ್ಟ ಚೆಂಡು ಕಾಣದೆ ಹೋದದ್ದು ಹೇಗೆಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಆಯುಕ್ತರ ಆದೇಶದಲ್ಲಿ ಉತ್ತರ ಸಿಗುವುದಿಲ್ಲ.

ಅವರು ಮರಳಿದಾಗ ಕಾಲೇಜು ಬದಲಾಗಿತ್ತು. ತಂಡ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಿಟ್ಟು ತನ್ನ ಹಳೆಯ ಪುಟ್ಟ ವ್ಯಾಯಾಮಶಾಲೆಗೆ ಹಿಂತಿರುಗಿತ್ತು. ದೊಡ್ಡ ತಂಡಗಳೊಡನೆ ಆಡುವುದನ್ನು ನಿಲ್ಲಿಸಿತ್ತು. ಆರೋಗ್ಯವೂ ಉತ್ಸಾಹವೂ ಕುಂದಿದ್ದ ಹೋಲ್ಮನ್ ನಡುನಡುವೆ ಬಿಡುವು ಪಡೆಯುತ್ತ ಇನ್ನೂ ಕೆಲವು ಋತುಗಳನ್ನು ಕಳೆದು 1960ರಲ್ಲಿ ನಿವೃತ್ತರಾದರು. ತರಬೇತುದಾರರಾಗಿ ಒಟ್ಟು 423 ಗೆಲುವುಗಳು, 190 ಸೋಲುಗಳು. 1964ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. 1949ರಲ್ಲಿಯೇ ಹೊಸ ರಾಷ್ಟ್ರವಾದ ಇಸ್ರೇಲಿಗೆ ಹೋಗಿ ಅಲ್ಲಿನ ತರುಣರಿಗೆ ಈ ಆಟ ಕಲಿಸಿ ಬಂದಿದ್ದ ಅವರು, ನಿವೃತ್ತಿಯ ಅನಂತರವೂ ಅಲ್ಲಿನ ಕ್ರೀಡಾ ಶಿಕ್ಷಣಕ್ಕಾಗಿ ಬಹಳ ಶ್ರಮಿಸಿದರು. ದೀರ್ಘಾಯುಷಿಗಳಾಗಿ ಬಾಳಿ, 1995ರ ಫೆಬ್ರವರಿ 12ರಂದು ತಮ್ಮ ತೊಂಬತ್ತೆಂಟನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನ ವೃದ್ಧಾಶ್ರಮವೊಂದರಲ್ಲಿ ತೀರಿಕೊಂಡರು.

ಶಿಷ್ಯರ ಬದುಕು ಒಂದೊಂದು ದಾರಿ ಹಿಡಿಯಿತು. ಡ್ಯಾಂಬ್ರಾಟ್ ದಂತವೈದ್ಯರಾದರು. ರೋಮನ್ ಮತ್ತೆ ಓದಿ, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ನ್ಯೂಯಾರ್ಕಿನ ಶಾಲಾಮಕ್ಕಳ ನಡುವೆ ಕೆಲಸ ಮಾಡಿದರು. ವಾರ್ನರ್ ಅವರ ಹಾದಿ ಕಠಿಣವಾಗಿತ್ತು. ಅದೇ ತಂಡದಲ್ಲಿದ್ದು, ಹಣವನ್ನು ಮುಟ್ಟದೆ ಉಳಿದ ಜೋ ಗ್ಯಾಲಿಬರ್ ಮುಂದೆ ನ್ಯೂಯಾರ್ಕ್ ರಾಜ್ಯದ ಶಾಸನಸಭೆಯ ಸದಸ್ಯರಾದರು.

ಹೂಕುಂಡದಲ್ಲಿ ಹಣ ಹೂತಿಟ್ಟ ಫ್ಲಾಯ್ಡ್ ಲೇನ್ ತನ್ನ ಕೇರಿಯ ಮಕ್ಕಳಿಗೆ ಆಟ ಕಲಿಸುತ್ತ ವರ್ಷಗಳನ್ನು ಕಳೆದರು. 1974ರಲ್ಲಿ ಸಿಟಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ತರಬೇತುದಾರರ ಸ್ಥಾನ ತೆರವಾದಾಗ ಅವರು ಅರ್ಜಿ ಹಾಕಿದರು. ಇಪ್ಪತ್ತಮೂರು ವರ್ಷಗಳ ಹಿಂದೆ ಪೊಲೀಸರು ಕರೆದೊಯ್ದ ವಿದ್ಯಾರ್ಥಿಯನ್ನು ಕಾಲೇಜು ತನ್ನ ಶಿಕ್ಷಕರನ್ನಾಗಿ ನೇಮಿಸಿಕೊಂಡಿತು. ಆಗ ಹೋಲ್ಮನ್ ಅವರಿಗೆ ಎಪ್ಪತ್ತೇಳು ವರ್ಷ. ಲೇನ್ 1988ರವರೆಗೆ ಆ ಹುದ್ದೆಯಲ್ಲಿದ್ದರು. ಅವರು ಪಾಠ ಹೇಳಿದ ಕಾಲೇಜಿನ ವ್ಯಾಯಾಮಶಾಲೆಗೆ ಇಂದು ನ್ಯಾಟ್ ಹೋಲ್ಮನ್ ಅವರ ಹೆಸರಿದೆ.